ತಟ್ಟಿದರೂ ಹೊರಬಾರದ ಹಕ್ಕಿ

ಅವನನ್ನು ಎಲ್ಲರೂ ಏಣಿ ಎಂದೇ ಕರೆಯುತ್ತಿದ್ದರು. ಉದ್ದಕ್ಕಿದ್ದ, ಸಣಕಲಾಗಿದ್ದ, ಹೋದಲ್ಲಿ ಬಂದಲ್ಲಿ ಯಾವುದಾದರೊಂದು ಮರಕ್ಕೆ ಒರಗಿಕೊಂಡೇ ನಿಂತಿರುತ್ತಿದ್ದ. ಮನೆಗಳ ಮೇಲೆ, ತಂತಿಗಳ ಮೇಲೆ, ಶಾಲೆಯ ಅಂಗಳದ ಮೇಲೆ ಒಣಗಿ ಬಾಗಿದ ಕೊಂಬೆಗಳನ್ನು ಕತ್ತರಿಸಿ ಕೆಳಗಿಳಿಸುವುದು ಅವನ ಕೆಲಸ. ಬೀಳಿಸುವುದಲ್ಲ, ಇಳಿಸುವುದು. ಬೀಳಿಸೋಕೆ ಗಾಳಿ ಸಾಕು, ನನ್ನನ್ಯಾಕೆ ಕರೀತೀರಿ ಎನ್ನುತ್ತಿದ್ದ, ಮಾತಾಡುತ್ತಿದ್ದ ಕಾಲದಲ್ಲಿ.

ಅವನ ಹೆಂಡತಿಗೆ ಹಗ್ಗ ಎಂಬ ಹೆಸರು ತಾನಾಗಿ ಅಂಟಿಕೊಂಡಿತ್ತು. ಅವನು ಮೇಲೆ, ಅವಳು ಕೆಳಗೆ. ಕತ್ತರಿಸುವ ಕೊಂಬೆಗೆ ಕಟ್ಟಿದ ಹಗ್ಗ ಮೇಲಿನ ಗಟ್ಟಿ ಕವಲೊಂದನ್ನು ಬಳಸಿ ಕೆಳಗೆ ಬಂದು ಅವಳ ಕೈ ಸೇರುತ್ತಿತ್ತು. ಅವಳು ಅದನ್ನು ಬುಡಕ್ಕೆ ಒಂದು ಸುತ್ತು ಹಾಕಿ, ತೊಗಲಿನ ಕೈಗವಸು ತೊಟ್ಟು, ಕೊಂಬೆಯ ಭಾರವನ್ನು ಗೇಣು ಗೇಣಾಗಿ ಬಿಡುತ್ತಿದ್ದಳು. ಇಬ್ಬರೂ ಒಟ್ಟಿಗೆ ಬೀದಿಯಲ್ಲಿ ಬಂದರೆ ಅಂಗಡಿಯವರು, "ಏಣಿ ಬಂತು, ಹಗ್ಗ ಬಂತು, ಇವತ್ತು ಯಾರ ಮನೆ ಮೇಲೆ ಕಣ್ಣು?" ಎಂದು ಕೆಣಕುತ್ತಿದ್ದರು. ಅವನು ತಲೆ ತಗ್ಗಿಸಿ ನಡೆದುಬಿಡುತ್ತಿದ್ದ. ಅವಳು ಮಾತ್ರ ನಿಲ್ಲುತ್ತಿದ್ದಳು. "ನಿಮ್ಮನೇಲಿ ಕದಿಯೋಕೆ ಏನಿದೆ ಅಂತ ಮೊದಲು ಹೇಳಿ, ಆಮೇಲೆ ಯೋಚನೆ ಮಾಡೋಣ."

ಅವರ ಕೆಲಸಕ್ಕೆ ಎರಡು ಕಟ್ಟಳೆಗಳಿದ್ದವು. ಯಾರೂ ಬರೆದಿಟ್ಟದ್ದಲ್ಲ, ಮಾಡುತ್ತ ಮಾಡುತ್ತ ಆದದ್ದು.

ಒಂದು, ಅವನು ಮೇಲೇರಿ ಸರಿಯಾಗಿ ಕುಳಿತಮೇಲೆ ಕೆಳಗಿನಿಂದ ಅವಳು ಹಗ್ಗವನ್ನು ಮೆಲ್ಲನೆ ಒಮ್ಮೆ ಜಗ್ಗಬೇಕು. ಅಂದರೆ, ಇದ್ದೀನಿ. ಅವನು ಮೇಲಿನಿಂದ ಒಮ್ಮೆ ಜಗ್ಗಬೇಕು. ಅಂದರೆ, ಗೊತ್ತು. ಅದಾಗದೆ ಗರಗಸ ಮರ ಮುಟ್ಟುತ್ತಿರಲಿಲ್ಲ.

ಇನ್ನೊಂದು, ಕತ್ತರಿಸುವ ಮುಂಚೆ ತಟ್ಟಬೇಕು. ಕೊಡಲಿಯ ಹಿಂಬದಿಯಿಂದ ತಟ್ಟಿದರೆ ಗಟ್ಟಿ ಕೊಂಬೆ ಒಂದು ದನಿ ಕೊಡುತ್ತದೆ, ಟೊಳ್ಳು ಕೊಂಬೆ ಇನ್ನೊಂದು. ಟೊಳ್ಳಾಗಿದ್ದರೆ ಕಾಯಬೇಕು. ಅಳಿಲು ಬರುತ್ತದೆ, ಗೂಬೆ ಕಣ್ಣುಜ್ಜಿಕೊಂಡು ಬರುತ್ತದೆ, ಗೊರವಂಕ ಬೈದುಕೊಂಡು ಬರುತ್ತದೆ. ಹಾವೂ ಬರುತ್ತದೆ. ಮನೆಯವರನ್ನು ಎಬ್ಬಿಸದೆ ಮನೆ ಕೆಡವಬಾರದು ಎಂಬುದು ಈ ಕಸುಬಿನವರ ಮರ್ಯಾದೆ.

ಆದರೆ ತಟ್ಟಿದರೂ ಹೊರಗೆ ಬಾರದ ಹಕ್ಕಿ ಒಂದಿದೆ. ಅದು ಕೆಂದಲೆ ಗಿಳಿಯ ಹೆಣ್ಣು.

ಎಲ್ಲರೂ ಕಂಡಿರುವ ದೊಡ್ಡ ಹಸಿರು ಗಿಳಿಗಿಂತ ಇದು ಚಿಕ್ಕದು, ಸಂಕೋಚದ್ದು. ಗಂಡಿನ ತಲೆ ಮಾಗಿದ ಪ್ಲಮ್ ಹಣ್ಣಿನ ಬಣ್ಣ. ಕೊಕ್ಕಿನ ಹತ್ತಿರ ಕೆಂಪು, ಹಿಂದಕ್ಕೆ ಸರಿದಂತೆ ನೀಲಿ ಬೆರೆತು ನೇರಳೆ. ಕತ್ತಿಗೊಂದು ಕಪ್ಪು ಗೆರೆ, ಹೆಗಲಿನಲ್ಲಿ ಯಾರೋ ಬೆರಳದ್ದಿ ಒತ್ತಿದಂಥ ಕೆಂಪು ಗುರುತು, ನೀಳವಾದ ನೀಲಿ ಬಾಲದ ತುದಿಗೆ ಬಿಳಿ. ಹೆಣ್ಣಿಗೆ ಈ ವೈಭವ ಇಲ್ಲ. ಅದರ ತಲೆ ಮೋಡದ ಬೂದು, ಕತ್ತಿಗೆ ಮಂಕು ಹಳದಿಯ ಪಟ್ಟಿ. ಗೂಡು ಬಿಟ್ಟ ಮರಿಗಳ ತಲೆ ಹಸಿರು. ಗಂಡಿನ ತಲೆಗೆ ಬಣ್ಣ ಏರಲು ವರ್ಷಗಳೇ ಬೇಕು. ಹಾರುವಾಗ ಇವು ಗುಂಪಾಗಿ, ಯಾರೋ ಬೀಸಿ ಎಸೆದ ಹಾಗೆ ಹೋಗುತ್ತವೆ. ಹೋಗುತ್ತಲೇ ಎಲ್ಲವೂ ಒಟ್ಟಿಗೆ ತಿರುಗುತ್ತವೆ. ಕೂಗು ಕರ್ಕಶವಲ್ಲ, ಕುಡಿಯುವ ಲೋಟಕ್ಕೆ ಚಮಚ ತಾಗಿದಷ್ಟು.

ಮರಕುಟಿಗ ಕೊರೆದು ಬಿಟ್ಟುಹೋದ ಪೊಟರೆಯನ್ನು ಇವು ಹಿಡಿಯುತ್ತವೆ. ಬಾಯಿ ಸಾಲದಿದ್ದರೆ ಕೊಕ್ಕಿನಿಂದ ಕೊರೆದು ಅಗಲ ಮಾಡುತ್ತವೆ. ಒಳಗೆ ಹುಲ್ಲು ಹಾಸುವುದಿಲ್ಲ, ಗರಿ ಹಾಸುವುದಿಲ್ಲ. ಮರದ ಪುಡಿಯ ಮೇಲೆಯೇ ದುಂಡನೆಯ ಬಿಳಿ ಮೊಟ್ಟೆಗಳು. ಕಾವು ಕೂತ ಹೆಣ್ಣು ಕೂತೇ ಇರುತ್ತದೆ. ಗಂಡು ಹೊಲದಿಂದ, ಬೇಲಿಯಿಂದ ಕಾಳು ತಿಂದು ಬಂದು, ಅದನ್ನೇ ಮೆತ್ತಗೆ ಮಾಡಿ ಅದರ ಬಾಯಿಗೆ ಕೊಡುತ್ತದೆ. ಹೊರಗೆ ಸದ್ದಾದರೆ ಬೇರೆ ಹಕ್ಕಿಗಳು ಹಾರುತ್ತವೆ. ಇದು ಇನ್ನಷ್ಟು ಕುಗ್ಗಿ ಮೊಟ್ಟೆಗಳ ಮೇಲೆ ಒತ್ತಿಕೊಳ್ಳುತ್ತದೆ. ತಟ್ಟಿದಷ್ಟೂ ಮೌನ. ಮೇಲೆ ಕೂತವನಿಗೆ ಅದು ಖಾಲಿ ಮನೆ.

ಇದನ್ನು ಕಂಡುಕೊಂಡವಳು ಹಗ್ಗ. ಕೆಳಗೆ ನಿಂತು ತಲೆಯೆತ್ತಿ ನೋಡುವವರಿಗೆ ಮೇಲಿನವನಿಗೆ ಕಾಣದ್ದು ಕಾಣುತ್ತದೆ. ಅವಳು ಗಂಡಿಗಾಗಿ ಕಾಯುತ್ತಿದ್ದಳು. ಅದು ಕೆಂಪು ಟೋಪಿ ಇಟ್ಟವರಂತೆ ಬಂದು, ಪಕ್ಕದ ರೆಂಬೆಯಲ್ಲಿ ಕೂತು, ಅತ್ತ ಇತ್ತ ನೋಡಿ, ತಲೆ ಬಾಗಿಸಿ ಬಾಗಿಸಿ ಪೊಟರೆಯ ಹತ್ತಿರ ಸರಿಯುತ್ತಿತ್ತು. ಅವಳು ಅದಕ್ಕೆ ಅಳಿಯ ಎಂದು ಹೆಸರಿಟ್ಟಿದ್ದಳು. ಸಿಂಗಾರ ಮಾಡಿಕೊಂಡು ಮಾವನ ಮನೆಗೆ ಬಂದವನ ಹಾಗೆ ಎಷ್ಟು ವಿನಯ ನೋಡಿ ಎನ್ನುತ್ತಿದ್ದಳು. ಬಂತೆಂದರೆ ಕೆಳಗಿನಿಂದ ಕೂಗು. "ರೀ, ಅಳಿಯ ಬಂದ್ರು. ಇಳೀರಿ."

ಅವನು ಇಳಿಯುತ್ತಿದ್ದ. ಆ ಕೊಂಬೆ ಮರಿಗಳು ಹಾರುವವರೆಗೆ ಹಾಗೇ ಇರುತ್ತಿತ್ತು.

ಹೋದ ಮಳೆಗಾಲದಲ್ಲಿ ಅವಳಿಗೆ ಜ್ವರ ಬಂತು, ಎದೆಗೆ ಇಳಿಯಿತು. ಆಸ್ಪತ್ರೆಗೆ ತಾನೇ ನಡೆದುಕೊಂಡು ಹೋದವಳನ್ನು ನಾಲ್ಕು ಜನ ಹೊತ್ತುಕೊಂಡು ಬಂದರು.

ಅವನು ಅಳಲಿಲ್ಲ. ಅಳು ಬರಲಿಲ್ಲ ಎನ್ನುವುದು ಹೆಚ್ಚು ಸರಿ. ನೆಂಟರು ಬಂದು ಹೋದರು, ಕುರ್ಚಿಗಳನ್ನು ಎರವಲು ತಂದ ಕಡೆಗೆ ಹಿಂದಿರುಗಿಸಿದ್ದಾಯಿತು. ಮತ್ತೆ ಕೆಲಸಕ್ಕೆ ಹೊರಟ ಬೆಳಿಗ್ಗೆ ಅವನ ಮಗಳು ಅಮ್ಮನ ತೊಗಲಿನ ಕೈಗವಸು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಲಾಂಡ್ರಿಯಲ್ಲಿ ಕೆಲಸ ಮಾಡುವ ಹುಡುಗಿ, ಮದುವೆಯ ವಯಸ್ಸು. ಅಂದು ರಜೆ ಹಾಕಿದ್ದಳು.

"ನಾನು ಹಿಡೀತೀನಪ್ಪ."

"ಬೇಡ. ಮೇಲೇ ಕಟ್ಕೋತೀನಿ."

"ಒಬ್ನೇ ಹೆಂಗೆ?"

"ಆಗುತ್ತೆ."

ಅವಳು ಕೈಗವಸನ್ನು ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದಳು. ಅಂದಿನಿಂದ ಅದು ಅಲ್ಲೇ ಇತ್ತು. ಎರಡು ಕೈಗಳೂ ಬೆರಳು ಕೆಳಗೆ ಮಾಡಿ.

ಅವನು ಹಗ್ಗವನ್ನು ತಾನು ಕೂತ ಕಡೆಯೇ ಒಂದು ಮೋಟು ರೆಂಬೆಗೆ ಸುತ್ತು ಹಾಕಿ, ಕೊಂಬೆಯ ಭಾರವನ್ನು ತನ್ನ ಕೈಯಿಂದಲೇ ಬಿಡಲು ಕಲಿತ. ನಿಧಾನ, ಆದರೆ ಆಗುತ್ತಿತ್ತು. ಯಾರಾದರೂ, ಜೊತೆಗೊಬ್ಬರನ್ನ ಇಟ್ಕೋ ಮಾರಾಯ, ಕೂತ ಕೊಂಬೆ ಕಡ್ಕೊಂಡ್ರೆ ಹೇಳೋರೂ ಇಲ್ಲ ಎಂದರೆ, ಹೂಂ ಎನ್ನುತ್ತಿದ್ದ. ಕೆಳಗೆ ಯಾರೂ ಇಲ್ಲದಿದ್ದರೆ ಯಾರೂ ಇಲ್ಲವಾಗುವುದೂ ಇಲ್ಲ. ಅಷ್ಟೇ ಅವನ ಲೆಕ್ಕ.

ಮನೆ ಎಂದರೆ ಎರಡು ಕೋಣೆ, ಒಂದು ಅಡುಗೆಮನೆ. ಬೆಳಿಗ್ಗೆ ಅವನು ಹಾಸಿಗೆಯ ಅಂಚಿನಲ್ಲಿ ಒಂದು ಕಾಲಿಗೆ ಶೂ ಹಾಕಿ ಇನ್ನೊಂದನ್ನು ಕೈಯಲ್ಲಿ ಹಿಡಿದು ಕೂತಿರುತ್ತಿದ್ದ. ಮಗಳು ಬಂದು, "ಅಪ್ಪ, ಇನ್ನೊಂದು" ಎಂದರೆ ಅದನ್ನೂ ಹಾಕಿಕೊಳ್ಳುತ್ತಿದ್ದ. ಅವನಿಗೆ ದುಃಖವಿದೆ ಎಂದು ಜನ ಹೇಳುತ್ತಿದ್ದರು. ದುಃಖವೂ ಇರಲಿಲ್ಲ. ಕಾಲು ಮಡಚಿ ಬಹಳ ಹೊತ್ತು ಕೂತರೆ ಆಗುವ ಜೋಮು ಮೈಯೆಲ್ಲ ಹಿಡಿದ ಹಾಗಿತ್ತು. ಚುಚ್ಚಿದರೆ ಚುಚ್ಚಿದ್ದು ಬೇರೆ ಯಾರದೋ ಕಾಲನ್ನು.

ಒಂದು ಸಂಜೆ ಮಗಳು ಅಡುಗೆಗೆ ಉಪ್ಪು ಹಾಕುವುದನ್ನು ಮರೆತಳು. ತನ್ನ ತಟ್ಟೆಯ ಮೊದಲ ತುತ್ತಿಗೇ ತಿಳಿಯಿತು. ಅವನ ಮುಖ ನೋಡಿದಳು. ಅವನು ತಿನ್ನುತ್ತಲೇ ಇದ್ದ. ಪೂರ್ತಿ ತಿಂದ. ಕೆಲವು ದಿನ ಬಿಟ್ಟು ಅವಳು ಅವನ ಪಾಲನ್ನು ಬೇರೆ ತೆಗೆದು ಬೇಕೆಂದೇ ಒಂದು ಹಿಡಿ ಉಪ್ಪು ಸುರಿದಳು. ಬಾಯಿಗಿಡಲಾಗದ ಹಾಗೆ. ಅವನು ಅದನ್ನೂ ತಿಂದ, ನೀರು ಕುಡಿದ, ತಟ್ಟೆ ತೊಳೆದಿಟ್ಟು ಹೋಗಿ ಮಲಗಿದ. ಅವಳು ಆ ಖಾಲಿ ತಟ್ಟೆಯ ಮುಂದೆ ಕೂತೇ ಇದ್ದಳು. ಹೋದದ್ದು ಅಮ್ಮ ಒಬ್ಬಳೇ ಅಲ್ಲ ಎಂದು ಅವಳಿಗೆ ಅನ್ನಿಸಿದ್ದು ಆಗ. ಈ ಮನುಷ್ಯನೊಳಗೆ ಅಪ್ಪ ಇನ್ನೂ ಇದ್ದಾನೋ, ಅವನೂ ಎದ್ದು ಹೋದನೋ, ಅದೊಂದು ತಿಳಿದರೆ ಸಾಕಾಗಿತ್ತು. ಆಮೇಲೂ ಆಗಾಗ ಅವಳು ಅವನ ಪಾಲಿಗೆ ಉಪ್ಪು ಹೆಚ್ಚು ಹಾಕಿ ನೋಡುತ್ತಿದ್ದಳು. ಅವನು ಏನೂ ಹೇಳುತ್ತಿರಲಿಲ್ಲ. ಅವಳೂ ಮಾತು ಕಡಿಮೆ ಮಾಡಿದಳು. ಕೆಲಸದಿಂದ ಬಂದು, ಅಡುಗೆ ಮಾಡಿಟ್ಟು, ತನ್ನ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಅವನು ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿ, "ಊಟ" ಎನ್ನುತ್ತಿದ್ದ. ಉತ್ತರ ಬಾರದಿದ್ದರೆ ಮಲಗಿದ್ದಾಳೆ ಎಂದುಕೊಂಡು ಹೋಗುತ್ತಿದ್ದ.

ಬಿಸಿಲು ಏರತೊಡಗಿದ ದಿನಗಳಲ್ಲಿ ಲಾಂಡ್ರಿಯ ಯಜಮಾನಿ ಅವನಿಗೆ ಹೇಳಿ ಕಳಿಸಿದಳು. ಲಾಂಡ್ರಿಯ ಹಿಂದಿನ ಅಂಗಳದಲ್ಲಿ ಹಳೆಯದೊಂದು ಮಳೆಮರ. ಅದರ ಕೆಳಗೆ ಉದ್ದಕ್ಕೂ ತಂತಿಗಳು, ತಂತಿಗಳ ಮೇಲೆ ಹೋಟೆಲುಗಳ, ಆಸ್ಪತ್ರೆಗಳ ಬಿಳಿ ಹಾಸುಗಳು. ಒಣಗಿದ ಕೊಂಬೆಯೊಂದು, ತುದಿ ಮುರಿದು ಮೋಟಾದದ್ದು, ಕಾಂಡದಿಂದ ಹೊರಟು ನೆಟ್ಟಗೆ ಮೇಲೆದ್ದು ತಂತಿಗಳ ಮೇಲೇ ನಿಂತಿತ್ತು.

"ಮಧ್ಯಾಹ್ನದೊಳಗೆ ಮುಗಿಸಿಬಿಡು ಏಣಿ," ಎಂದಳು ಯಜಮಾನಿ. "ಬಿಸಿಲು ಹೋದ್ರೆ ನನ್ನ ಇಡೀ ದಿನ ಹೋಯ್ತು. ಮೊನ್ನೆ ಒಂದು ತುಂಡು ಬಿದ್ದು ಹಾಸು ಹರಿದುಹೋಗಿದೆ. ನಾಳೆ ಯಾರ್ದಾದ್ರೂ ತಲೆ."

ಒಳಗೆ ಬಿಸಿ ಉರುಳೆಗಳ ಯಂತ್ರ ಗುಡುಗುತ್ತಿತ್ತು. ಅದರ ಮುಂದೆ ಕಿಟಕಿಯ ಪಕ್ಕ ಅವನ ಮಗಳು ನಿಂತಿದ್ದಳು. ಎದುರಿಗೆ ಇಸ್ತ್ರಿ ಅಕ್ಕ, ಲಾಂಡ್ರಿಯ ಎಲ್ಲರಿಗಿಂತ ಹಳಬಳು. ಯಂತ್ರದಿಂದ ಬಂದ ಹಾಸನ್ನು ಇಬ್ಬರೂ ಎರಡೆರಡು ಮೂಲೆ ಹಿಡಿದು ಎಳೆದು, ಹತ್ತಿರ ಬಂದು ಮಡಚಿ, ಮತ್ತೆ ದೂರ ಸರಿದು ಎಳೆಯುವುದು ದಿನವಿಡೀ ನಡೆಯುವ ಕೆಲಸ. ಎದುರಿನವಳ ಕೈ ಎಷ್ಟು ಎಳೆಯುತ್ತಿದೆ ಎಂದು ಬಟ್ಟೆಯೇ ಹೇಳುತ್ತದೆ. ಒಬ್ಬಳು ಹೆಚ್ಚು ಎಳೆದರೆ ಇನ್ನೊಬ್ಬಳ ಮೂಲೆ ಜಾರುತ್ತದೆ. ಅಪ್ಪ ಅಂಗಳಕ್ಕೆ ಬಂದದ್ದನ್ನು ಅವಳು ಕಿಟಕಿಯಿಂದ ನೋಡಿದಳು. ಅವನು ಅತ್ತ ನೋಡಲಿಲ್ಲ.

ಅವನು ಹತ್ತಿದ. ಕೊಂಬೆಯ ಬುಡದಲ್ಲಿ ಕೂತು ನಡುವಿನ ಪಟ್ಟಿ ಬಿಗಿದ. ಕೊಡಲಿಯ ಹಿಂಬದಿಯಿಂದ ತಟ್ಟಿದ. ಟೊಳ್ಳು. ಕಾದ. ಏನೂ ಬರಲಿಲ್ಲ. ಇನ್ನೊಮ್ಮೆ ತಟ್ಟಿದ, ಇನ್ನೂ ಸ್ವಲ್ಪ ಕಾದ. ಮರವೆಲ್ಲ ಸುಮ್ಮನಿತ್ತು. ಖಾಲಿ ಎಂದುಕೊಂಡ. ಪೊಟರೆಯ ಬಾಯಿ ಕೊಂಬೆಯ ಆಚೆ ಬದಿಗಿತ್ತು. ಕೆಳಗೆ ನಿಂತು ನೋಡುವವರಿಗೆ ಮಾತ್ರ ಕಾಣುವ ಕಡೆ.

ಹಗ್ಗ ಕಟ್ಟಿದ, ಮೋಟು ರೆಂಬೆಗೆ ಸುತ್ತಿದ, ಗರಗಸ ಹಾಕಿದ. ಕೊಂಬೆ ಬಿಟ್ಟುಕೊಂಡು ಹಗ್ಗಕ್ಕೆ ತೂಗಿ ಅರ್ಧ ಸುತ್ತು ತಿರುಗಿತು. ಆಗ ಆಚೆ ಬದಿ ಈಚೆಗೆ ಬಂತು. ಅಂಗೈಯಷ್ಟು ಕಪ್ಪು ಬಾಯಿ. ಅದರಿಂದ ಬೂದು ತಲೆಯ ಹಕ್ಕಿಯೊಂದು ಅವನ ಮುಖಕ್ಕೆ ಗಾಳಿ ಬೀಸುವಷ್ಟು ಹತ್ತಿರದಿಂದ ಹಾರಿಹೋಯಿತು.

ಅವನ ಕೈ ಹಗ್ಗ ಬಿಡುವುದನ್ನು ನಿಲ್ಲಿಸಲಿಲ್ಲ. ಗೇಣು ಗೇಣಾಗಿ ಕೊಂಬೆ ಇಳಿದು ನೆಲ ಮುಟ್ಟಿತು. ಅವನೂ ಇಳಿದ. ಅಷ್ಟರಲ್ಲಿ ಒದ್ದೆ ಬಟ್ಟೆಯ ಬುಟ್ಟಿ ಹೊತ್ತು ಬಂದ ಇಸ್ತ್ರಿ ಅಕ್ಕ ಕೊಂಬೆಯ ಪಕ್ಕ ಬಾಗಿದ್ದಳು.

"ಇದೇನೋ ಒಳಗೆ ಕುಯ್ ಅಂತಿದೆ."

ಒಳಗೆ ಮೂರು ಮರಿಗಳಿದ್ದವು. ಮೊಟ್ಟೆ ಒಡೆದದ್ದು ಹಿಂದುಮುಂದಾಗಿ, ಆದ್ದರಿಂದ ಮೂರೂ ಮೂರು ಅಳತೆ. ದೊಡ್ಡದಕ್ಕೆ ಬೆನ್ನಿನ ಮೇಲೆ ಹಸಿರು ಮುಳ್ಳುಗಳಂಥ ಗರಿಮೊಳಕೆ. ನಡುವಿನದು ಬರಿಮೈ. ಚಿಕ್ಕದರ ಕಣ್ಣು ಇನ್ನೂ ತೆರೆದಿರಲಿಲ್ಲ, ತಲೆ ಎತ್ತಲಾರದೆ ಎತ್ತುತ್ತಿತ್ತು. ಗರಗಸ ಪೊಟರೆಯ ತಳಕ್ಕಿಂತ ಒಂದು ಗೇಣು ಕೆಳಗೆ ಹಾದಿತ್ತು. ಅದು ಅವನ ಜಾಣತನವಲ್ಲ.

ಯಜಮಾನಿ ಬಂದು ನೋಡಿದಳು. ಯಂತ್ರ ನಿಂತಿತು. ಮಗಳೂ ಬಾಗಿಲಿಗೆ ಬಂದಳು, ಕೈಯಲ್ಲಿ ಇನ್ನೂ ಉರುಳೆಯ ಬಳಿ ಹಾಕುವ ದಪ್ಪ ಬಿಳಿ ಬಟ್ಟೆಯ ಕೈಗವಸುಗಳು.

"ಒಂದು ಪೆಟ್ಟಿಗೇಲಿ ಹಾಕಿ ಯಾರಿಗಾದ್ರೂ ಕೊಟ್ಟುಬಿಡೋಣ," ಎಂದಳು ಯಜಮಾನಿ. "ಸಾಕೋರು ಇದ್ದೇ ಇರ್ತಾರೆ."

"ಮಾತು ಕಲಿಸಬಹುದು," ಎಂದಳು ಇಸ್ತ್ರಿ ಅಕ್ಕ. "ನಂಗೂ ಒಬ್ರು ಮಾತಾಡೋರು ಸಿಕ್ಕಿದ ಹಾಗಾಯ್ತು. ನನ್ನ ಗಂಡನಿಗೆ ಗಿಣಿಗೆ ಹೇಳೋ ಹಾಗೆ ಹೇಳಿ ಹೇಳಿ ಸಾಕಾಗಿದೆ, ಗಿಣಿಗೇ ಹೇಳಿ ನೋಡ್ತೀನಿ."

"ಇಷ್ಟು ಚಿಕ್ಕದು ಬದುಕಲ್ಲ," ಎಂದ ಏಣಿ.

ಮಗಳು ಹತ್ತಿರ ಬಂದು ಪೊಟರೆಯೊಳಗೆ ನೋಡಿ ಎದ್ದು ನಿಂತಳು.

"ನಾನು ದಿನಾ ನೋಡ್ತಿದ್ದೆ," ಎಂದಳು. "ಕಿಟಕಿಯಿಂದ. ಕೆಂಪು ತಲೇದು ಬರೋದು, ಹೋಗೋದು."

ಅವನು ಅವಳ ಕಡೆ ತಿರುಗಿದ.

"ನಿಂಗೆ ಗೊತ್ತಾಗುತ್ತೆ ಅಂದ್ಕೊಂಡೆ. ತಟ್ತೀಯಲ್ಲ, ಬಿಟ್ಟು ಇಳೀತೀಯ ಅಂದ್ಕೊಂಡೆ."

ಬೆಳಿಗ್ಗೆ ಒಂದೇ ಮನೆಯಿಂದ ಒಂದೇ ಕಡೆಗೆ ಹೊರಟವರು. ಒಂದು ಮಾತೂ ಆಗಿರಲಿಲ್ಲ. ಸಂಕಟ ಆಗಬೇಕು ಎಂದು ಅವನಿಗೆ ಗೊತ್ತಿತ್ತು. ಒಳಗೆ ಕೈಯಾಡಿಸಿದರೂ ಅದು ಸಿಗಲಿಲ್ಲ. ಸಿಕ್ಕಿದ್ದು ಮಾಡಬೇಕಾದ ಕೆಲಸ ಮಾತ್ರ.

"ಮೇಲೆ ಕಟ್ತೀನಿ," ಎಂದ. "ಇದ್ದ ಎತ್ತರಕ್ಕೇ, ಕಾಂಡಕ್ಕೆ ಆನಿಸಿ. ಬಾಯಿ ಮೊದಲು ಇದ್ದ ದಿಕ್ಕಿಗೆ. ಹೊತ್ತು ಇಳಿಯೋ ಮುಂಚೆ ತಾಯಿ ಬಂದ್ರೆ ಬಂತು. ಬರದಿದ್ರೆ, ಬರೀ ಮೈಯವು, ಬೆಳಗಾಗೋ ತನಕ ತಡೆಯಲ್ಲ."

"ಮತ್ತೆ ನನ್ನ ಬಟ್ಟೆ?" ಎಂದಳು ಯಜಮಾನಿ. ತಂತಿಗಳ ಕಡೆ ನೋಡಿ ತಾನೇ, "ತಂತಿ ಆ ಕಡೆ ಎಳ್ಕೊಂಡ್ರೆ ಆಯ್ತು. ಹಾರೋ ತನಕ ಅಷ್ಟೇ, ಆಮೇಲೆ ಆ ಕೊಂಬೆ ಇಲ್ಲಿ ಕಾಣ್ಬಾರ್ದು" ಎಂದು ಗೊಣಗಿಕೊಂಡು ಹಾಸುಗಳನ್ನು ತೆಗೆಯತೊಡಗಿದಳು.

ಅವನು ಮತ್ತೆ ಹತ್ತಿದ. ಇಳಿಸುವುದನ್ನು ಒಬ್ಬನೇ ಮಾಡಬಹುದು, ಭಾರ ತಾನಾಗಿ ಕೆಳಗೆ ಹೋಗುತ್ತದೆ. ಏರಿಸುವುದು ಬೇರೆ. ಮೇಲಿನಿಂದ ಎಳೆದ. ಕೊಂಬೆಯ ತುಂಡು ನೆಲ ಬಿಟ್ಟು ಆಳೆತ್ತರ ಬಂದು ತೊನೆಯಿತು, ತಿರುಗಿತು, ಬಾಯಿ ಕೆಳಮುಖವಾಗುವಷ್ಟು ವಾಲಿ ಕಾಂಡಕ್ಕೆ ಬಡಿಯಿತು. ಒಳಗಿನ ಸದ್ದು ನಿಂತಿತು. ಅವನು ಅದನ್ನು ಮತ್ತೆ ನೆಲಕ್ಕೆ ಬಿಟ್ಟ. ಅಂಗೈ ನೋಡಿಕೊಂಡ. ಹಗ್ಗ ತೊಗಲು ತೆಗೆದಿತ್ತು. ನೋವಿರಲಿಲ್ಲ. ಅವನು ಅಲ್ಲೇ ಕೂತ. ಎಷ್ಟು ಹೊತ್ತು ಕೂತನೋ.

ಕೆಳಗೆ ಇಸ್ತ್ರಿ ಅಕ್ಕ ಪೊಟರೆಗೆ ಕಿವಿಯಿಟ್ಟು, "ಇವೆ, ಇವೆ, ಉಸಿರಾಡ್ತಿವೆ" ಎಂದಳು.

ಮಗಳು ಮೇಲಿನಿಂದ ತೂಗುತ್ತಿದ್ದ ಹಗ್ಗದ ಇನ್ನೊಂದು ತುದಿಯನ್ನು ಕಾಂಡದ ಬುಡಕ್ಕೆ ಸುತ್ತಿದಳು. ಅದೇ ದಪ್ಪ ಬಿಳಿ ಗವಸುಗಳಲ್ಲೇ ಹಿಡಿದಳು.

"ಕೈಗೆ ಹಾಕಿರೋದು ಗವಸೋ ಹಾಸಿಗೇನೋ," ಎಂದಳು ಇಸ್ತ್ರಿ ಅಕ್ಕ.

"ಸುಮ್ನಿರಿ ಅಕ್ಕ. ನೀವು ತುಂಡು ತಿರುಗದ ಹಾಗೆ ಹಿಡ್ಕೊಳ್ಳಿ."

ಮೇಲೆ ಕೂತವನ ಬೆರಳುಗಳ ನಡುವೆ ಹಗ್ಗ ಒಮ್ಮೆ ಜಗ್ಗಿತು. ಮೆಲ್ಲನೆ, ಒಂದೇ ಸಲ.

ಅವನು ಅಲುಗಲಿಲ್ಲ. ಈ ಎಳೆತವನ್ನು ಅವನ ಕೈ ಮಳೆಗಾಲದಿಂದ ಕಂಡಿರಲಿಲ್ಲ. ಇದು ಹೆಂಡತಿಯ ಎಳೆತವಲ್ಲ. ಅವಳದು ಇನ್ನೂ ಚುರುಕು, ಬೈದ ಹಾಗೆ. ಇದು ಬಟ್ಟೆಯ ಮೂಲೆ ಹಿಡಿದವಳದು, ಎಳೆದು ಎದುರಿನವರಿಗಾಗಿ ನಿಲ್ಲುವಂಥದು. ಕೆಳಗೆ ನೋಡಿದರೆ ಮಗಳ ನೆತ್ತಿ, ಬೈತಲೆ, ಎರಡು ದೊಡ್ಡ ಬಿಳಿ ಕೈಗಳು. ಅವಳು ಮೇಲೆ ನೋಡುತ್ತಿರಲಿಲ್ಲ. ಹಗ್ಗವನ್ನೇ ನೋಡುತ್ತಿದ್ದಳು.

ಇನ್ನೊಮ್ಮೆ ಜಗ್ಗಿತು.

ಯಜಮಾನಿ ಮಡಚಿದ ಹಾಸುಗಳನ್ನು ಎದೆಗೆ ಒತ್ತಿಕೊಂಡು ಅತ್ತ ನಿಂತಿದ್ದಳು.

ಅವನು ಜಗ್ಗಿದ.

ತುಂಡು ಮೇಲೇರಿತು. ಅವಳು ಎಳೆದಷ್ಟೂ ಅವನು ಬರಮಾಡಿಕೊಂಡ. ತೊನೆಯುವ ಮುಂಚೆಯೇ ಅವಳ ಕೈ ತಡೆಯುತ್ತಿತ್ತು. ತಡೆದದ್ದು ಅವನಿಗೆ ಹಗ್ಗದಲ್ಲಿ ತಿಳಿಯುತ್ತಿತ್ತು. ಯಾರೂ ಕೂಗಲಿಲ್ಲ. ಬಾಯಿ ನೆಟ್ಟಗೆ ಹೊರಮುಖವಾಗಿ ಅವನ ಎದೆಯ ಮಟ್ಟಕ್ಕೆ ಬಂದು ನಿಂತಿತು. ಅವನು ಅದನ್ನು ಕಾಂಡಕ್ಕೆ ಆನಿಸಿ ಮೇಲೊಂದು ಕೆಳಗೊಂದು ಪಟ್ಟಿ ಬಿಗಿದ, ನಡುವೆ ಹಗ್ಗ ಸುತ್ತಿದ. ಒಳಗೆ ಇಣುಕಲಿಲ್ಲ. ಇಳಿದುಬಂದು, "ಎಲ್ಲಾ ಒಳಗೆ ಹೋಗಿ" ಎಂದ.

ಲಾಂಡ್ರಿಯ ಒಳಗಿನಿಂದ, ಕಿಟಕಿಯ ಹಿಂದೆ, ಅವರು ನೋಡುತ್ತ ಕೂತರು. ಯಜಮಾನಿ ಯಂತ್ರ ಹಾಕಬೇಡಿ ಎಂದಳು. ಮತ್ತೆ ಅದಕ್ಕೆ ತಾನೇ ಬೇಸರಿಸಿಕೊಂಡಳು.

ಮೊದಲು ಬಂದದ್ದು ಗಂಡು. ಕೊಂಬೆ ಇದ್ದ ಜಾಗದಲ್ಲಿ ಈಗ ಗಾಳಿಯಿತ್ತು. ಅದು ಆ ಗಾಳಿಗೇ ಬಂದು ಇಳಿಯಲು ಹೋಗಿ, ಇಳಿಯಲಾಗದೆ ರೆಕ್ಕೆ ಬಡಿದು, ಒಂದು ಸುತ್ತು ಹಾಕಿ ಹೊರಟುಹೋಯಿತು.

"ಮನೆ ತಪ್ಪಿ ಬಂದ್ನೇನೋ ಅಂದ್ಕೊಂಡಿರುತ್ತೆ," ಎಂದಳು ಇಸ್ತ್ರಿ ಅಕ್ಕ. ನಗಲಿಲ್ಲ.

ಬಿಸಿಲು ಅಂಗಳದ ಆಚೆ ಗೋಡೆಯನ್ನು ಹತ್ತಿತು. ಯಜಮಾನಿ ಹೋದಳು. ಇಸ್ತ್ರಿ ಅಕ್ಕ ತನ್ನ ಚೀಲ ತೆಗೆದುಕೊಂಡು, ಬಾಗಿಲವರೆಗೆ ಹೋಗಿ, ಹಿಂದಕ್ಕೆ ಬಂದು ಕೂತಳು. ಏಣಿ ಗೋಡೆಗೆ ಒರಗಿ ನಿಂತಿದ್ದ. ತಾಯಿ ಬಾರದಿದ್ದರೆ ಏನು ಮಾಡುವುದು ಎಂದು ಯಾರೂ ಕೇಳಲಿಲ್ಲ, ಏಕೆಂದರೆ ಮಾಡಲು ಏನೂ ಇರಲಿಲ್ಲ.

ಬೂದು ತಲೆಯದು ಯಾವಾಗ ಬಂತೋ ಯಾರೂ ನೋಡಲಿಲ್ಲ. ನೋಡಿದಾಗ ಕಾಂಡದ ಮೇಲ್ಭಾಗದಲ್ಲಿತ್ತು. ತಲೆಕೆಳಗಾಗಿ, ಕೊಕ್ಕನ್ನು ಮೂರನೆಯ ಕಾಲಿನಂತೆ ತೊಗಟೆಗೆ ಊರಿ, ಒಂದೊಂದೇ ಹೆಜ್ಜೆ ಇಳಿಯುತ್ತಿತ್ತು. ಪಟ್ಟಿಯನ್ನು ಕಂಡು ನಿಂತಿತು. ಕಚ್ಚಿ ನೋಡಿತು. ಮತ್ತೆ ಮೇಲಕ್ಕೆ ಹತ್ತಿತು. ಅಲ್ಲಿ ಬಹಳ ಹೊತ್ತು ಬಣ್ಣವಿಲ್ಲದ ಹಣ್ಣಿನ ಹಾಗೆ ಕೂತಿತ್ತು. ಬೆಳಕು ಮಂಕಾಗುತ್ತ ಬಂತು. ಪೊಟರೆಯಿಂದ ಸದ್ದು ಬಂದಿರಬೇಕು. ಇಲ್ಲಿಗೆ ಕೇಳಲಿಲ್ಲ. ಅದು ಇಳಿದು, ಬಾಯಿಯ ಅಂಚಿಗೆ ಒಂದು ಕಾಲಿಟ್ಟು, ತಲೆ ಒಳಗೆ ಹಾಕಿ, ಹೊರಗೆ ತೆಗೆದು, ಇನ್ನೊಮ್ಮೆ ಹಾಕಿತು. ಬಾಲದ ತುದಿಯ ಬಿಳಿ ಒಂದು ಕ್ಷಣ ಹೊರಗಿತ್ತು. ಆಮೇಲೆ ಅದೂ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಪಕ್ಕದ ರೆಂಬೆಯಲ್ಲಿ ಕೆಂಪು ತಲೆ. ಅತ್ತ ನೋಡಿತು, ಇತ್ತ ನೋಡಿತು, ಬಾಗಿತು.

"ಅಳಿಯ ಬಂದ," ಎಂದಳು ಮಗಳು, ಕಿಟಕಿಯ ಕಡೆಗೇ ಮುಖ ಮಾಡಿ.

"ಅಂತೂ ನಿಮ್ಮನೆಗೊಬ್ಬ ಅಳಿಯ ಬಂದ್ನಲ್ಲ," ಎಂದಳು ಇಸ್ತ್ರಿ ಅಕ್ಕ. "ಕೊಟ್ಟು ಹೋಗೋ ಅಳಿಯ. ನಮ್ಮನೇದು ತಗೊಂಡು ಹೋಗೋದು." ಈ ಸಲ ಅವಳೊಬ್ಬಳೇ ನಕ್ಕು, ಚೀಲ ಎತ್ತಿಕೊಂಡು ಹೋದಳು.

ಅಪ್ಪ ಮಗಳು ನಡೆದು ಮನೆಗೆ ಬಂದರು. ದಾರಿಯಲ್ಲಿ ಅವನು ಸಂತೋಷವಾಗಿದೆಯೇ ಎಂದು ತನ್ನೊಳಗೆ ನೋಡಿಕೊಂಡ. ಇರಲಿಲ್ಲ. ಅಂಗೈ ಮಾತ್ರ ಸುಡುತ್ತಿತ್ತು. ಬೀದಿಯ ತಿರುವಿಗೆ ಬಂದಾಗ ಅದು ಚೆನ್ನಾಗಿಯೇ ಉರಿಯತೊಡಗಿತ್ತು. ಅವನು ಅದನ್ನು ಮುಚ್ಚಿ ತೆರೆದು ಮಾಡುತ್ತ ನಡೆದ.

ಅವಳು ಎಂದಿನಂತೆ ಅಡುಗೆ ಮಾಡಿದಳು, ಎಂದಿನಂತೆ ಅವನ ಪಾಲನ್ನು ಬೇರೆ ತೆಗೆದಿಟ್ಟಳು, ಎಂದಿನಂತೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವನು ಕೈ ತೊಳೆದು ಬಂದು ಬೆರಳ ಗೆಣ್ಣಿನಿಂದ ತಟ್ಟಿದ.

"ಊಟ."

ಉತ್ತರವಿಲ್ಲ. ಅವನು ಅಡುಗೆಮನೆಯ ಕಡೆ ಎರಡು ಹೆಜ್ಜೆ ಹಾಕಿ ನಿಂತ. ತಟ್ಟಿದಷ್ಟೂ ಮೌನ. ಅಡುಗೆಮನೆಗೆ ಹೋಗಿ ತನ್ನ ತಟ್ಟೆ ತಂದ. ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತ. ಮರದ ಬಾಗಿಲು ಅವನ ಭಾರಕ್ಕೆ ಒಮ್ಮೆ ಕಿರುಗುಟ್ಟಿತು. ಎದುರಿಗೆ ಮೊಳೆಯಲ್ಲಿ ಕೈಗವಸುಗಳು ತೂಗುತ್ತಿದ್ದವು.

ಒಂದು ತುತ್ತು ಬಾಯಿಗಿಟ್ಟ. ಅಗಿದ. ಅಗಿಯುವುದನ್ನು ನಿಲ್ಲಿಸಿದ. ನುಂಗಿ, ಇನ್ನೊಂದು ತುತ್ತು ತಿಂದು ನೋಡಿದ.

"ಏನಮ್ಮ ಇದು," ಎಂದ ಬಾಗಿಲಿಗೆ. "ಉಪ್ಪು ಸುರಿದಿದ್ದೀಯಲ್ಲ. ತಿನ್ನೋಕಾಗ್ತಿಲ್ಲ."

ಒಳಗೆ ಏನೂ ಕೇಳಿಸಲಿಲ್ಲ. ಅವನು ತಟ್ಟೆಯನ್ನು ಪಕ್ಕಕ್ಕಿಟ್ಟು ಅಲ್ಲೇ ಕೂತ. ಕಾದ. ಬಾಗಿಲ ಆಚೆ ನೆಲದ ಮೇಲೆ ಬರಿಗಾಲಿನ ಸದ್ದು ಬಂತು, ಬಾಗಿಲವರೆಗೆ ಬಂದು ನಿಂತಿತು. ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ ಚಿಲಕ ಸರಿಯಿತು. ಅವನು ಬೆನ್ನು ಮುಂದಕ್ಕೆ ತೆಗೆದುಕೊಂಡು ಅವಳಿಗೆ ದಾರಿ ಬಿಟ್ಟ.